ಚಂದ್ರದ್ರೋಣದ ಹುಲ್ಲುಗುಡ್ಡದಿಂದ ಜಾವಳಿಯವರೆಗೆ

ಬೆಂಗಳೂರಿನವರಿಗೆ ಚಿಕ್ಕಮಗಳೂರು ಹೊಸದಲ್ಲ. ಮೂರು ದಿನ ರಜೆ ಒಟ್ಟಿಗೆ ಬಂತೆಂದರೆ ಅರ್ಧ ಊರು ಆ ಕಡೆಗೇ ಹೊರಡುತ್ತದೆ. ನಾವೂ ಹಿಂದೆ ಹಾಗೆ ಹೋಗಿ, ಗಿರಿ ಹತ್ತಿ, ಫೋಟೊ ತೆಗೆದು ಬಂದವರೇ. ಈ ಸಲದ ಪ್ರವಾಸ ಮಾತ್ರ ಅಪ್ಪನದು. ಅವರು ಜಲಮಂಡಳಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತೊರೆಕಾಡನಹಳ್ಳಿಯ ಪಂಪಿಂಗ್ ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಪಾಳಿ ಮಾಡಿದ್ದಾರೆ. ಸುಮಾರು 100 ಕಿ.ಮೀ. ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಕಾವೇರಿ ನೀರನ್ನು ಹಂತಹಂತವಾಗಿ ಎತ್ತಿ ಬೆಂಗಳೂರಿಗೆ ಕಳಿಸುವ ಕೆಲಸ ಅದು. "ನೀರು ನಮ್ಮ ಹತ್ತಿರ ಬಂದ ಮೇಲಿನದೆಲ್ಲ ಗೊತ್ತು, ಬರೋದಕ್ಕೆ ಮುಂಚಿನದು ಏನೂ ನೋಡಿಲ್ಲ ಕಣಮ್ಮ" ಅಂತ ಅವರು ಒಂದೆರಡು ಸಲ ಅಂದಿದ್ದರು. ಅದಕ್ಕೇ ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲಿ ಅಪ್ಪ, ಅಮ್ಮ, ತಮ್ಮ, ನಾನು ಹೊರಟೆವು.

ಗುರುವಾರ

ವಿಜಯನಗರದ ಮನೆಯಿಂದ ಬೆಳಗಿನ ಜಾವ ಐದಕ್ಕೇ ಬಿಟ್ಟೆವು. ಬೆಳಕು ಹರಿದ ಮೇಲೆ ಹೊರಟರೆ ನೆಲಮಂಗಲ ದಾಟುವುದೇ ಒಂದು ಪ್ರಯಾಣವಾಗುತ್ತದೆ. ಕುಣಿಗಲ್ ಬೈಪಾಸ್ ಕಳೆದು ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದು, ಎದುರಿನ ಹೋಟೆಲಿನಲ್ಲಿ ಇಡ್ಲಿ ವಡೆ ಮುಗಿಸಿ, ಚನ್ನರಾಯಪಟ್ಟಣ, ಹಾಸನ ಆಗಿ ಬೇಲೂರು ಮುಟ್ಟುವಷ್ಟರಲ್ಲಿ ಹತ್ತೂವರೆ.

ಬೇಲೂರಿನ ಚೆನ್ನಕೇಶವನ ಗುಡಿಯ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದೇನಿಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆಗೆ ಯುನೆಸ್ಕೊ ಪಟ್ಟಿಗೆ ಸೇರಿತು. ಅಮ್ಮ ಒಂದೊಂದು ಮದನಿಕೆಯ ಕೆಳಗೂ ನಿಂತು ನೋಡಿದರು. ಅಪ್ಪನ ಮನಸ್ಸು ಮಾತ್ರ ಊರಾಚೆಯ ಯಗಚಿ ಅಣೆಕಟ್ಟಿನ ಮೇಲಿತ್ತು. ಅಲ್ಲಿಗೂ ಹೋದೆವು. ನೀರು ಭರ್ತಿಯಾಗಿತ್ತು. ಯಗಚಿ ಹುಟ್ಟುವುದು ಬಾಬಾ ಬುಡನ್‌ಗಿರಿ ಶ್ರೇಣಿಯಲ್ಲಿ. ಬೇಲೂರು ದಾಟಿ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಶಿವನಸಮುದ್ರದ ಹತ್ತಿರ ತಿರುಗಿ ಪೈಪಿಗೆ ಬಿದ್ದು ನಮ್ಮ ನಲ್ಲಿಗೆ. ಅಪ್ಪ ದಂಡೆಯ ಮೇಲೆ ನಿಂತು ಬೆರಳು ತೋರಿಸುತ್ತಾ ಇದನ್ನು ಹೇಳುತ್ತಿದ್ದರೆ, ತಮ್ಮ ಗಿರಿಯ ದಿಕ್ಕು ಯಾವುದೆಂದು ಫೋನಿನಲ್ಲಿ ನೋಡುತ್ತಿದ್ದ. ದೂರದಲ್ಲಿ ನೀಲಿ ಗೆರೆಯಾಗಿ ಅದು ಕಾಣುತ್ತಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಚಿಕ್ಕಮಗಳೂರು ಪೇಟೆ ದಾಟಿ, ಕೈಮರದ ಕಡೆ ಹೋಗುವ ದಾರಿಯ ಹೋಂಸ್ಟೇ ಸೇರಿದೆವು. ಹಳೇ ಹೆಂಚಿನ ಮನೆ, ಸುತ್ತ ಅರೇಬಿಕಾ ತೋಟ. ಮೇಲೆ ಅತ್ತಿ, ಹಲಸು, ಸಿಲ್ವರ್ ಓಕ್ ಮರಗಳ ನೆರಳು. ಸಿಲ್ವರ್ ಓಕಿನ ಮೈಗೆಲ್ಲ ಮೆಣಸಿನ ಬಳ್ಳಿ. ಕಾಫಿ ಕಾಯಿ ಇನ್ನೂ ಹಸಿರಾಗಿತ್ತು, ಅಲ್ಲೊಂದು ಇಲ್ಲೊಂದು ಗೊಂಚಲು ಮಾತ್ರ ಕೆಂಪಿಗೆ ತಿರುಗಿತ್ತು. ಅರೇಬಿಕಾ ಕುಯ್ಲು ನವೆಂಬರಿನಲ್ಲಿ ಶುರುವಾದರೆ ರೊಬಸ್ಟಾ ಜನವರಿಗೆ ಬರುತ್ತದೆ.

ಮನೆಯ ಯಜಮಾನರು ಸಂಜೆ ತೋಟ ಸುತ್ತಿಸಿದರು. ಬಿಳಿ ಕಾಂಡಕೊರಕ ಬಿದ್ದ ಗಿಡವನ್ನು ಬುಡದಲ್ಲಿ ಸೀಳಿ, ಹುಳು ಕೊರೆದ ಸುರಂಗ ತೋರಿಸಿದರು. ಆ ಗಿಡವನ್ನು ಕಿತ್ತು ಸುಡದೆ ಬೇರೆ ದಾರಿಯಿಲ್ಲವಂತೆ. ನೆರಳು ತೆಗೆದ ತೋಟದಲ್ಲಿ ಕೊರಕದ ಕಾಟ ಹೆಚ್ಚು ಎಂದರು. "ಮಾರ್ಚ್‌, ಏಪ್ರಿಲ್ಲಲ್ಲಿ ಕಾಫಿ ಹೂ ಅರಳಿಸೋ ಹೂ ಮಳೆ ಸರಿಯಾಗಿ ಬಂದರೆ ವರ್ಷ ಗೆದ್ದ ಹಾಗೆ ಸಾರ್. ಅದು ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು. ಸ್ಪ್ರಿಂಕ್ಲರಿಗೆ ಹಳ್ಳದಲ್ಲಿ ನೀರಿರಬೇಕಲ್ಲ?" ಅಂದರು. ಅಪ್ಪ ತಕ್ಷಣ, "ನಿಮ್ಮ ಹಳ್ಳ ಬೇಸಿಗೆಯಲ್ಲಿ ಹರಿಯುತ್ತಾ?" ಅಂತ ಕೇಳಿದರು. "ಮೇಲುಗಡೆ ಗುಡ್ಡದ ಹುಲ್ಲು ಹಾಗೇ ಇರೋವರೆಗೂ ಹರಿಯುತ್ತೆ" ಅಂತ ಉತ್ತರ ಬಂತು. ರಾತ್ರಿ ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಮಿಡಿ ಉಪ್ಪಿನಕಾಯಿ. ಆ ಮನೆಯ ಅಮ್ಮನವರೂ ನಮ್ಮಮ್ಮನೂ ಒಲೆ ಮುಂದೆ ಕೂತು ಮಾತಾಡಿದ್ದು ಮುಗಿಯಲೇ ಇಲ್ಲ.

ಶುಕ್ರವಾರ

ಗಿರಿಗೆ ಹೋಗುವ ವಾಹನಗಳು ಈಗ ಮೊದಲೇ ಆನ್‌ಲೈನಿನಲ್ಲಿ ನೋಂದಾಯಿಸಿಕೊಳ್ಳಬೇಕು. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಹಂಚಿದ್ದಾರೆ. ಇದು ಬಹಳ ಒಳ್ಳೆಯ ಏರ್ಪಾಡು ಅನ್ನೋದು ನನ್ನ ಅಭಿಪ್ರಾಯ. ಆ ಕಿರಿದಾದ ರಸ್ತೆಯಲ್ಲಿ ಎದುರುಬದುರು ಸಿಕ್ಕಿಕೊಂಡ ಕಾರುಗಳ ಸಾಲನ್ನು ಹಿಂದೆ ಕಂಡವರು ಯಾರೂ ಇದಕ್ಕೆ ಬೇಡ ಎನ್ನಲಾರರು. ನಾವು ಬೆಳಗಿನ ಪಾಳಿ ತೆಗೆದುಕೊಂಡು ಕೈಮರದ ಚೆಕ್‌ಪೋಸ್ಟ್ ದಾಟಿದೆವು. ಅಮ್ಮನಿಗೆ ಮಂಡಿನೋವು, ಹೋಂಸ್ಟೇಯಲ್ಲೇ ಉಳಿದರು.

ತೋಟಗಳು ಮುಗಿದು ಬೋಳು ಗುಡ್ಡ ಶುರುವಾಗುವ ಜಾಗ ಒಂದಿದೆ. ಅಲ್ಲಿಂದ ಮೇಲೆ ಮರವಿರುವುದು ಕಣಿವೆಯ ಮಡಿಕೆಗಳಲ್ಲಿ ಮಾತ್ರ. ಇಳಿಜಾರೆಲ್ಲ ಹುಲ್ಲು. ಮಡಿಕೆಯಲ್ಲಿ ಒತ್ತಾಗಿ, ಕುಳ್ಳಗೆ, ಪಾಚಿ ಹೊದ್ದು ನಿಂತ ಕಾಡನ್ನು ಶೋಲಾ ಎನ್ನುತ್ತಾರೆ. ಹುಲ್ಲನ್ನು ಕಂಡವರು "ಇಲ್ಲಿ ಮರ ಯಾಕಿಲ್ಲ, ನೆಡಬಾರದೇ" ಎಂದು ಕೇಳುವುದುಂಟು. ಸರ್ಕಾರಿ ದಾಖಲೆಗಳಲ್ಲೂ ಹುಲ್ಲುಗಾವಲನ್ನು ಪಾಳು ಭೂಮಿ ಎಂದು ಬರೆದ ಕಾಲವಿತ್ತು. ಪಶ್ಚಿಮ ಘಟ್ಟದ ಎಷ್ಟೋ ಕಡೆ ಅಕೇಶಿಯಾ, ನೀಲಗಿರಿ ನೆಟ್ಟದ್ದು ಅದೇ ಯೋಚನೆಯಿಂದ. ಗುಡ್ಡದ ನೆತ್ತಿಯ ಹುಲ್ಲು ತಾನಾಗಿ ಬೆಳೆದು ನಿಂತ ನೆಲೆ. ಅಷ್ಟು ಗಾಳಿ, ಅಷ್ಟು ಮಳೆ, ಚಳಿಯಲ್ಲಿ ಅದೇ ಬಾಳುವುದು.

ಸೀತಾಳಯ್ಯನಗಿರಿಯ ಹತ್ತಿರ ಕಾರು ನಿಲ್ಲಿಸಿದೆವು. ಗುಡಿಯೊಳಗೆ ಶೀತಲ ಮಲ್ಲಿಕಾರ್ಜುನ. ಲಿಂಗದ ಸುತ್ತ ವರ್ಷವಿಡೀ ನೀರಿರುತ್ತದೆ ಅನ್ನುವುದು ಭಕ್ತರ ಮಾತು. ಹೊರಗೆ ಬಂದು ಸ್ವಲ್ಪ ಕೆಳಗೆ ನಡೆದರೆ ರಸ್ತೆಗಾಗಿ ಗುಡ್ಡ ಕಡಿದ ಜಾಗ ಸಿಗುತ್ತದೆ. ನೆಲದ ಒಳಗೇನಿದೆ ಎಂದು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೇಲೆ ಹುಲ್ಲಿನ ಬೇರು ಹೆಣೆದ ದಪ್ಪ ಪದರ, ಅದರ ಕೆಳಗೆ ಅಡಿಯಷ್ಟು ಕಪ್ಪು ಮಣ್ಣು, ಅದರ ಕೆಳಗೆ ಗಟ್ಟಿ ಕೆಂಪು. ಕಪ್ಪೂ ಕೆಂಪೂ ಸೇರುವ ಗೆರೆಯಿಂದ ಸಣ್ಣಗೆ ನೀರು ಜಿನುಗಿ, ಕಲ್ಲಿನ ಮೂಲೆಯಲ್ಲಿ ಒಂದಾಗಿ ಎಳೆಯಾಗಿ ಬೀಳುತ್ತಿತ್ತು. ಮಳೆ ಬಂದು ಆರೇಳು ದಿನವಾಗಿತ್ತು ಎಂದು ಹೋಂಸ್ಟೇಯಲ್ಲಿ ಹೇಳಿದ್ದರು.

ಅಪ್ಪ ಲೀಟರ್ ಬಾಟಲಿ ಖಾಲಿ ಮಾಡಿ ಆ ಎಳೆಯ ಕೆಳಗೆ ಹಿಡಿದರು. "ಟೈಮ್ ನೋಡೋ" ಅಂದರು ತಮ್ಮನಿಗೆ. ಬಾಟಲಿ ತುಂಬಲು ನಲವತ್ತು ಸೆಕೆಂಡ್ ಹಿಡಿಯಿತು. ಇನ್ನೊಮ್ಮೆ ಹಿಡಿದರು, ಅಷ್ಟೇ. ಅಪ್ಪ ಬಾಯಲ್ಲೇ ಲೆಕ್ಕ ಹಾಕಿದರು: ದಿನಕ್ಕೆ 2,160 ಲೀಟರ್. ನಗರದಲ್ಲಿ ತಲೆಗೆ 135 ಲೀಟರ್ ಎಂದು ಹಿಡಿಯುವುದು ಅವರ ಇಲಾಖೆಯ ರೂಢಿ. ಅಂದರೆ ಹದಿನಾರು ಜನಕ್ಕೆ ಸಾಕಾಗುವಷ್ಟು ನೀರು, ನಮ್ಮ ಕಣ್ಣಿಗೂ ಬೀಳದೆ ಹೋಗಬಹುದಾಗಿದ್ದ ಒಂದು ಎಳೆಯಿಂದ. ಪಂಪಿಲ್ಲ, ಕರೆಂಟಿಲ್ಲ. "ಇಂಥವು ಈ ಗುಡ್ಡದಲ್ಲಿ ಎಷ್ಟಿವೆಯೋ" ಎಂದು ಅಪ್ಪ ಮೇಲೆ ನೋಡಿದರು. ಆಮೇಲೆ ದಾರಿಯುದ್ದಕ್ಕೂ ಅವರು ನೋಡಿದ್ದು ಇದನ್ನೇ. ನಮಗೂ ಅಭ್ಯಾಸವಾಗಿ, ಪ್ರತಿ ತಿರುವಿನಲ್ಲೂ ಬಂಡೆಯ ಬುಡದಲ್ಲಿ ಹೊಳೆಯುವುದನ್ನು ಹುಡುಕತೊಡಗಿದೆವು. ಹುಲ್ಲು ಸವೆದು ಬರೀ ಮಣ್ಣು ಉಳಿದ ಕಡೆ, ಜನ ಫೋಟೊಗಾಗಿ ತುಳಿದು ಜೀಪು ಹತ್ತಿಸಿದ ಕಡೆ, ಜಿನುಗು ಒಂದೂ ಇರಲಿಲ್ಲ. ಮಳೆನೀರು ಕೊರೆದ ಒಣ ಕಾಲುವೆಗಳು ಮಾತ್ರ ಇದ್ದವು.

ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತುವಾಗ ಮಂಜು ಬಂದು ಹೋಗುತ್ತಿತ್ತು. ಸುಮಾರು 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಮೇಲೆ ಮುಳ್ಳಪ್ಪ ಸ್ವಾಮಿಯ ಗದ್ದುಗೆ, ಸುತ್ತ ಕಲ್ಲಿನ ಪಾಗಾರ. ಗಾಳಿಗೆ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಮಂಜು ಸರಿದಾಗ ಚಂದ್ರದ್ರೋಣ ಪರ್ವತ ಅರ್ಧಚಂದ್ರಾಕಾರವಾಗಿ ಬಾಗಿರುವುದು ಕಾಣಿಸಿತು. ಆ ಬಾಗಿದ ನೆತ್ತಿಯ ಒಂದು ಮಗ್ಗುಲಿಗೆ ಬಿದ್ದ ಮಳೆ ಭದ್ರೆಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ವೇದಾ, ಆವತಿ ಹಳ್ಳಗಳಾಗಿ ಕಡೂರಿನ ಹತ್ತಿರ ವೇದಾವತಿಯಾಗುತ್ತದೆ. ದಕ್ಷಿಣದ್ದು ಯಗಚಿಗೆ. ವೇದಾವತಿಯನ್ನೇ ಮುಂದೆ ಹಿರಿಯೂರಿನ ಹತ್ತಿರ ಕಟ್ಟಿ ನಿಲ್ಲಿಸಿದ್ದು ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅದೇ 2022ರಲ್ಲಿ ಈ ಇಳಿಜಾರುಗಳಲ್ಲಿ ನೀಲ ಕುರಿಂಜಿಯೂ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವು, ಇನ್ನು 2034ಕ್ಕೆ ಕಾಯಬೇಕು. ಆಗ ಹೂವಿನ ಗಿಡ ಕಿತ್ತು ಒಯ್ದವರೂ ಇದ್ದರು. ಆ ಗಿಡ ಬೀಜ ಉದುರಿಸಿ ಸಾಯುತ್ತದೆ. ಮುಂದಿನ ಹೂವು ಆ ಬೀಜದಿಂದಲೇ ಬರಬೇಕು. ಹೂ ಕಿತ್ತರೆ ಹನ್ನೆರಡು ವರ್ಷದ ನಂತರದ ಗುಡ್ಡವನ್ನೇ ಕಿತ್ತಂತಾಗುತ್ತದೆ.

ಅಲ್ಲಿಂದ ಬಾಬಾ ಬುಡನ್‌ಗಿರಿ. ದತ್ತಾತ್ರೇಯ ಪೀಠವೂ ಬಾಬಾ ಬುಡನ್ ದರ್ಗಾವೂ ಒಂದೇ ಗುಹೆಯಲ್ಲಿ. ಹದಿನೇಳನೆಯ ಶತಮಾನದಲ್ಲಿ ಯೆಮನ್ನಿನ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರೆಂಬ ಪ್ರತೀತಿ ಇರುವುದು ಈ ಸಂತರ ಬಗ್ಗೆಯೇ. ಗುಹೆಯೊಳಗೆ ಒದ್ದೆ ನೆಲ, ತಂಪು. ಸಾಲಿನಲ್ಲಿ ನಮ್ಮ ಮುಂದೆ ಬುರ್ಖಾ ತೊಟ್ಟ ಅಜ್ಜಿ, ಹಿಂದೆ ಮಾಲೆ ಹಾಕಿದ ಇಬ್ಬರು ಹುಡುಗರು. ಮಾಣಿಕ್ಯಧಾರೆಯಲ್ಲಿ ನೀರು ಚೆನ್ನಾಗಿ ಬೀಳುತ್ತಿತ್ತು. ಮಿಂದವರು ಉಟ್ಟ ಬಟ್ಟೆಯನ್ನು ಅಲ್ಲೇ ಬಿಡುವ ರೂಢಿ ಹಿಂದಿನಿಂದ ಬಂದದ್ದು. ಈಗ ಆ ಬಟ್ಟೆಗಳೆಲ್ಲ ಪಾಲಿಯೆಸ್ಟರ್, ಮಣ್ಣಿನಲ್ಲಿ ಕರಗುವುದಿಲ್ಲ. ಕೆಳಗಿನ ಹಳ್ಳದಲ್ಲಿ ಕಲ್ಲಿಗೆ ಸುತ್ತಿಕೊಂಡ ಬಣ್ಣಬಣ್ಣದ ಚಿಂದಿ ನೋಡಿ ಬೇಸರವಾಯಿತು. ಮಿಂದು ಬಟ್ಟೆಯನ್ನು ಮನೆಗೆ ಒಯ್ದರೆ ಭಕ್ತಿಗೇನೂ ಕೊರತೆಯಾಗದು. ಗಾಳಿಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಇಳಿದೆವು.

ಶನಿವಾರ

ಈ ದಿನ ಅಮ್ಮನೂ ಬಂದರು. ಲಿಂಗದಹಳ್ಳಿ ಮೇಲೆ ಹೋಗಿ ಮೊದಲು ಕಲ್ಹತ್ತಿಗಿರಿ. ಬಂಡೆಯಿಂದ ಇಳಿಯುವ ನೀರಿನ ಪಕ್ಕದಲ್ಲೇ ವೀರಭದ್ರನ ಗುಡಿ. ನೀರು ಮೆಟ್ಟಿಲ ಬಳಿಯೇ ಹರಿಯುವುದರಿಂದ ಅಮ್ಮ ಕಾಲು ನೆನೆಸಿಕೊಂಡು ಕೂತರು. ಕೆಮ್ಮಣ್ಣುಗುಂಡಿಗೆ ಅಲ್ಲಿಂದ ಹತ್ತು ಕಿ.ಮೀ. ಆಸುಪಾಸು ಏರುದಾರಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಜಾಗ, ಸುಮಾರು 1,400 ಮೀಟರ್ ಎತ್ತರ, ಈಗ ತೋಟಗಾರಿಕೆ ಇಲಾಖೆಯ ಸುಪರ್ದಿಯಲ್ಲಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇಲ್ಲಿಂದಲೇ, ರೋಪ್‌ವೇ ಮೂಲಕ. ಗುಲಾಬಿ ತೋಟ ಚೆನ್ನಾಗಿದೆ, ರೂಮುಗಳು ಇನ್ನಷ್ಟು ಆರೈಕೆ ಬೇಡುತ್ತವೆ.

ಹೆಬ್ಬೆ ಜಲಪಾತಕ್ಕೆ ನಮ್ಮ ಕಾರು ಹೋಗುವ ಹಾಗಿಲ್ಲ, ಜೀಪೇ ಗತಿ. ಭದ್ರಾ ಅಭಯಾರಣ್ಯದೊಳಗಿನ ದಾರಿ, ದಾರಿ ಅನ್ನುವುದಕ್ಕಿಂತ ಕಲ್ಲು ಹಾಸಿದ ಹಳ್ಳ. ಸೊಂಟ ನೋವಿದ್ದವರು, ಬಸುರಿಯರು ಇದರ ಆಸೆ ಬಿಡುವುದೇ ಮೇಲು. ಅಮ್ಮ ಮೇಲೇ ಉಳಿದದ್ದು ಒಳ್ಳೆಯದಾಯಿತು. ಜೀಪಿಳಿದ ಮೇಲೆ ಕಾಡೊಳಗೆ ನಡಿಗೆ, ನಡುವೆ ಹಳ್ಳ ದಾಟಬೇಕು. ಜಿಗಣೆ ಇನ್ನೂ ಇತ್ತು. ಉಪ್ಪು, ಸುಣ್ಣ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿದ್ದು ಉಪಯೋಗಕ್ಕೆ ಬಂತು.

ಜಲಪಾತ ಕಾಣುವ ಮುಂಚೆ ಎದೆಗೆ ತಾಗುವಂಥ ಸದ್ದು, ಮೇಲೆ ಮುಖಕ್ಕೆ ಬಡಿಯುವ ತುಂತುರು. ಆಮೇಲೆ ಮರಗಳ ನಡುವಿನಿಂದ ಒಮ್ಮೆಲೇ ದೊಡ್ಡ ಹೆಬ್ಬೆ. ಎರಡು ಹಂತ ಸೇರಿ 168 ಮೀಟರ್ ಎನ್ನುತ್ತಾರೆ. ಕೆಳಗೆ ನಿಂತು ತಲೆಯೆತ್ತಿದರೆ ನೀರಿನ ತುದಿ ಎಲ್ಲಿ, ಮೋಡದ ಬುಡ ಎಲ್ಲಿ ಎಂದು ಗೊತ್ತಾಗದು. ನೀರು ಅಷ್ಟು ಸ್ವಚ್ಛ. ಅಂಥ ಮಳೆಗಾಲ ಕಳೆದ ಮೇಲೂ ಮಣ್ಣಿನ ಬಣ್ಣವಿಲ್ಲ. ಅಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಫಿಲ್ಟರ್ ಬೆಡ್, ಆಲಂ, ಕ್ಲೋರಿನ್ ನಡುವೆ ಆಯುಷ್ಯ ಕಳೆದವರು ಅವರು. ಬೊಗಸೆಯಲ್ಲಿ ನೀರೆತ್ತಿ ಬೆಳಕಿಗೆ ಹಿಡಿದು, "ಟರ್ಬಿಡಿಟಿ ಇಲ್ಲವೇ ಇಲ್ಲ" ಅಂದರು. ಮೇಲಿನ ಕಾಡಿಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಅವರ ಬಾಯಲ್ಲಿ ಬರಲಾರದು. ಈ ನೀರು ಭದ್ರೆಗೆ ಸೇರಿ ಲಕ್ಕವಳ್ಳಿ ಜಲಾಶಯಕ್ಕೆ ಹೋಗುತ್ತದೆ. ದಾವಣಗೆರೆಯ ಕಡೆಯ ಗದ್ದೆಗಳು ಅದನ್ನೇ ಕಾಯುತ್ತವೆ.

ಜೀಪಿನ ಸರದಿ ಬರುವ ಹೊತ್ತಿಗೆ ಸಂಜೆಯಾಗಿತ್ತು. ಕೆಮ್ಮಣ್ಣುಗುಂಡಿಯಲ್ಲಿ ನಿಂತು ನೋಡುವ ಜಾಗವಾದ ಝಡ್ ಪಾಯಿಂಟ್ ಕೈಬಿಟ್ಟೆವು.

ಭಾನುವಾರ

ಅಪ್ಪ ಕಾದಿದ್ದು ಈ ದಿನಕ್ಕೆ. ಹೋಂಸ್ಟೇ ಬಿಟ್ಟು ಮೂಡಿಗೆರೆ, ಅಲ್ಲಿಂದ ಬಣಕಲ್, ಕೊಟ್ಟಿಗೆಹಾರ. ಕೊಟ್ಟಿಗೆಹಾರಕ್ಕೆ ಬಂದು ನೀರ್ದೋಸೆ ತಿನ್ನದೆ ಹೋಗುವುದು ಆಗದ ಮಾತು. ಬಿಸಿ ಕಾವಲಿಯಿಂದ ಎತ್ತಿ ಮಡಚಿ ತಟ್ಟೆಗೆ ಹಾಕುವುದು, ನಾವು ಮುಗಿಸುವುದು, ಹೀಗೆ ಎಷ್ಟೋ ಹೊತ್ತು ನಡೆಯಿತು. ಎಡಕ್ಕೆ ಹೋದರೆ ಚಾರ್ಮಾಡಿ ಘಾಟಿ. ನಾವು ಕಳಸದ ದಾರಿ ಹಿಡಿದೆವು.

ಈ ಭಾಗಕ್ಕೆ 2019ರ ಆಗಸ್ಟ್ ಮಳೆ ಕೊಟ್ಟ ಪೆಟ್ಟು ದೊಡ್ಡದು. ಮಲೆಮನೆ, ಮಧುಗುಂಡಿಯಂಥ ಊರುಗಳ ಮೇಲೆ ಗುಡ್ಡವೇ ಜಾರಿ ಬಂತು. ಮನೆ, ಗದ್ದೆ, ತೋಟ ಎಲ್ಲ ಹೋದವು. ದೋಸೆ ಕೊಟ್ಟ ಹೋಟೆಲಿನಲ್ಲಿ ಪಕ್ಕದ ಮೇಜಿನ ಹಿರಿಯರು ಆ ರಾತ್ರಿಯ ಮಾತು ತೆಗೆದರು. ದೊಡ್ಡ ಸದ್ದು ಬಂದಾಗ ಗುಡುಗು ಎಂದುಕೊಂಡರಂತೆ. ಬೆಳಗಾದ ಮೇಲೆ ನೋಡಿದರೆ ಹಳ್ಳ ಬೇರೆ ದಾರಿ ಹಿಡಿದಿತ್ತಂತೆ. ಅವರು ಹೇಳಿ ಮುಗಿಸುವವರೆಗೆ ಯಾರೂ ಎದ್ದು ಹೋಗಲಿಲ್ಲ.

ಜಾವಳಿ ಚಿಕ್ಕ ಊರು. ಹೇಮಾವತಿ ಮೂಲ ಎಂದು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಗಣಪತಿಯ ಪುಟ್ಟ ಗುಡಿ, ಎದುರಿಗೆ ಕಲ್ಲು ಕಟ್ಟಿದ ಕೊಳ. ನೀರು ಏಳುವುದು ಕಣ್ಣಿಗೆ ಕಾಣುವುದಿಲ್ಲ, ಹೊರಗೆ ಹರಿದು ಹೋಗುವುದು ಕಾಣುತ್ತದೆ. ಸುತ್ತ ತೋಟ, ಹಿಂದೆ ಬಲ್ಲಾಳರಾಯನ ದುರ್ಗದ ಕಡೆಯ ಹಸಿರು ಗುಡ್ಡಸಾಲು. ಜಾತ್ರೆಯಿಲ್ಲ, ಅಂಗಡಿಯಿಲ್ಲ, ನಾವಲ್ಲದೆ ಇದ್ದವರು ಅರ್ಚಕರು ಮಾತ್ರ. ಜಲಪಾತ ಬಯಸಿ ಬರುವವರಿಗೆ ಇಲ್ಲಿ ನೋಡಲು ಏನೂ ಇಲ್ಲ ಅನಿಸಬಹುದು. ನನಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡದು ಕಾಣಲಿಲ್ಲ.

"ಎಲ್ಲಿಂದ ಬಂದ್ರಿ?" ಎಂದರು ಅರ್ಚಕರು.

"ಬೆಂಗಳೂರು. ಈ ನೀರು ಕುಡಿಯೋರು ನಾವು" ಅಂದರು ಅಪ್ಪ.

ಅರ್ಚಕರು ತೀರ್ಥ ಕೊಡುತ್ತಾ, "ಹಾಗಿದ್ರೆ ದಿನಾ ತಗೊಳ್ತಾನೇ ಇದ್ದೀರಿ" ಎಂದರು.

ಅಪ್ಪ ಕೊಳದ ಕಟ್ಟೆಯ ಮೇಲೆ ಕೂತು, ಪಂಪ್‌ಹೌಸಿನ ಕಥೆಯನ್ನು ಅರ್ಚಕರಿಗೆ ಹೇಳಿದರು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಊರಿಗೆ ಬಂದದ್ದರಿಂದ ಹಿಡಿದು, 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತದವರೆಗೆ. ಐದನೇ ಹಂತ ಒಂದೇ ದಿನಕ್ಕೆ 77.5 ಕೋಟಿ ಲೀಟರ್ ಎತ್ತುತ್ತದೆ. ಅರ್ಚಕರಿಗೆ ಆ ಅಂಕಿ ಕೇಳಿ ಆಶ್ಚರ್ಯವಾಯಿತು. ಬೇಸಿಗೆಯಲ್ಲಿ ಈ ಕೊಳದ ನೀರು ಎಷ್ಟು ತಗ್ಗುತ್ತದೆ ಎಂದು ಅಪ್ಪ ಕೇಳಿದರು. ಅವರು ಕಲ್ಲಿನ ಮೇಲೊಂದು ಗೆರೆ ತೋರಿಸಿದರು, ಅಪ್ಪ ಗೇಣು ಹಾಕಿ ಅಳೆದುಕೊಂಡರು.

ಹಿಂತಿರುಗುವಾಗ ಬೇಲೂರಿನ ದಾರಿ ಬಿಟ್ಟು ಸಕಲೇಶಪುರದ ಮೇಲೆ ಬಂದೆವು. ಜಾವಳಿಯಲ್ಲಿ ಅಮ್ಮ ಒಂದು ಹೆಜ್ಜೆಯಲ್ಲಿ ದಾಟಿದ್ದ ಹೇಮಾವತಿ ಸಕಲೇಶಪುರದಲ್ಲಿ ಸೇತುವೆಯುದ್ದಕ್ಕೂ ಹರಡಿ, ದಡದ ಮರಗಳ ಬುಡ ಮುಟ್ಟಿ ಹರಿಯುತ್ತಿತ್ತು. ಹೊಳೆಯ ಪಕ್ಕ ಚಹಾ ಕುಡಿದೆವು. ಇಲ್ಲಿಂದ ಅದು ಗೊರೂರಿಗೆ ಹೋಗುತ್ತದೆ, ನಾವು ಹಾಸನಕ್ಕೆ.

ಚನ್ನರಾಯಪಟ್ಟಣದಿಂದಲೇ ವಾಹನಗಳ ಸಾಲು, ನೆಲಮಂಗಲದಲ್ಲಿ ಮುಕ್ಕಾಲು ಗಂಟೆ. ಅಪ್ಪ ಹಿಂದಿನ ಸೀಟಿನಲ್ಲಿ ಫೋನ್ ಹಿಡಿದು ಹೋಂಸ್ಟೇ ಯಜಮಾನರ ಜೊತೆ ಮಾತಾಡುತ್ತಿದ್ದರು. ಮಳೆ ನಿಂತ ವಾರದಲ್ಲಿ ಹಳ್ಳ ಹರಿಯುವುದು ದೊಡ್ಡ ವಿಷಯವಲ್ಲವಂತೆ. ಹೂ ಮಳೆಗೆ ಮುಂಚೆ, ಮಾರ್ಚಿ ಕೊನೆಯಲ್ಲಿ, ಸೀತಾಳಯ್ಯನಗಿರಿಯ ಕೆಳಗಿನ ಅದೇ ಎಳೆಗೆ ಬಾಟಲಿ ಹಿಡಿಯಬೇಕಂತೆ, ಆಗ ಎಷ್ಟು ಸೆಕೆಂಡ್ ಹಿಡಿಯುತ್ತದೋ ಅದೇ ಗುಡ್ಡದ ನಿಜವಾದ ಲೆಕ್ಕವಂತೆ. ಎರಡು ರೂಮು ಹೇಳಿ ಇಟ್ಟರು. ಅಮ್ಮ ಪಕ್ಕದಿಂದ, ಒಲೆ ಹತ್ತಿರದ ರೂಮೇ ಕೊಡೋಕೆ ಹೇಳಿ ಅಂದರು.